ಎದುರಾಳಿ ಬೇಕಾದ ವಿದ್ಯೆ

1885ರಲ್ಲಿ ಎಗರ್ಟನ್ ಕ್ಯಾಸಲ್ ಎಂಬ ಇಂಗ್ಲಿಷ್ ಲೇಖಕ ಯುರೋಪಿನ ಕತ್ತಿವರಸೆಯ ಶಾಲೆಗಳು ಮತ್ತು ಗುರುಗಳ ಬಗ್ಗೆ ದೊಡ್ಡದೊಂದು ಇತಿಹಾಸಗ್ರಂಥ ಪ್ರಕಟಿಸಿದ. ಪಳಗಿದ ಕೈ, ಹಳೆಯ ಗ್ರಂಥಗಳನ್ನು ಹುಡುಕಿ ಓದುವ ಹಂಬಲ, ಆಲ್ಫ್ರೆಡ್ ಹಟನ್‌ನಂಥ ಅನುಭವಿ ಸೇನಾಧಿಕಾರಿಯ ಒಡನಾಟ ಮೂರೂ ಅವನಿಗಿದ್ದವು. ಇಷ್ಟಿದ್ದೂ ಮಧ್ಯಯುಗದ ಕತ್ತಿಕಾಳಗವೆಂದರೆ ಪಾಠವಿಲ್ಲದ ಒರಟು ಬಡಿದಾಟ, ಬಲ ಇದ್ದವನದೇ ಮೇಲುಗೈ, ನಿಜವಾದ ವಿದ್ಯೆ ಹುಟ್ಟಿದ್ದು ಆಮೇಲೆ ಎಂದು ಅವನು ತೀರ್ಮಾನಿಸಿದ. ಆ ತೀರ್ಮಾನ ಬಹುಕಾಲ ಚಲಾವಣೆಯಲ್ಲಿತ್ತು. ಎತ್ತಲಾರದಷ್ಟು ಭಾರದ ಕತ್ತಿಗಳನ್ನೂ ಕುರುಡು ಏಟುಗಳನ್ನೂ ಸಿನಿಮಾಗಳು ಇಂದಿಗೂ ತೋರಿಸುತ್ತವೆ. ವಾಸ್ತವದಲ್ಲಿ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ ಆ ಕಾಲದ ಉದ್ದಕತ್ತಿಯ ತೂಕ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಕಿಲೋ ಅಷ್ಟೇ. ಅದನ್ನು ಬಳಸುವ ಬಗೆಯನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ಹಸ್ತಪ್ರತಿಗಳು ಕ್ಯಾಸಲ್ ಬರೆಯುತ್ತಿದ್ದಾಗಲೂ ಯುರೋಪಿನ ಗ್ರಂಥಾಲಯಗಳಲ್ಲಿದ್ದವು. ಕೈಯಿಂದ ಕೈಗೆ ದಾಟುತ್ತಿದ್ದ ಅಭ್ಯಾಸ ಮಾತ್ರ ಇನ್ನೂರು ವರ್ಷ ಮೊದಲೇ ಕಡಿದುಹೋಗಿತ್ತು. ಬರಹ ಉಳಿದು ಬಳಕೆ ಸತ್ತಾಗ ಜಾಣರೂ ಹೇಗೆ ಮೋಸಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಸಾಕ್ಷಿಯನ್ನು ಇವತ್ತು ಸಾಫ್ಟ್‌ವೇರ್ ಕೆಲಸಗಾರರ ಮುಂದಿಡಲು ಕಾರಣವಿದೆ. ಅವರ ವೃತ್ತಿಯಲ್ಲೀಗ ಬರಹದ ಪ್ರವಾಹ ಬಂದಿದೆ. 2021ರ ಜೂನ್‌ನಲ್ಲಿ ಕೋಡ್ ಬರೆಯಲು ನೆರವಾಗುವ ಎಐ ಉಪಕರಣ ಗಿಟ್‌ಹಬ್ ಕೋಪೈಲಟ್ ಪರೀಕ್ಷಾರ್ಥವಾಗಿ ಬಂತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. 2025ರ ಹೊತ್ತಿಗೆ ಕೋಡನ್ನು ಓದದೆಯೇ, ಬೇಕಾದ್ದನ್ನು ಮಾತಿನಲ್ಲಿ ಹೇಳಿ ಮಾಡಿಸಿಕೊಳ್ಳುವ ಪದ್ಧತಿಗೆ ಎಐ ಸಂಶೋಧಕ ಆಂಡ್ರೆ ಕಾರ್ಪತಿ 'ವೈಬ್ ಕೋಡಿಂಗ್' ಎಂದು ಹೆಸರನ್ನೂ ಇಟ್ಟರು. ಇದನ್ನು ಎದುರಿಸುವುದು ಹೇಗೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಹೊಸ ಉಪಕರಣ ಕಲಿತುಕೊಳ್ಳಿ, ಇಲ್ಲವಾದರೆ ಮನಸ್ಸಿನ ನೆಮ್ಮದಿಗೆ ಕೈಗೆ ಕೆಲಸ ಕೊಡುವ ಹವ್ಯಾಸವೊಂದನ್ನು ಹಿಡಿಯಿರಿ. ಯುರೋಪ್, ಅಮೆರಿಕಗಳಲ್ಲಿ ಸಂಜೆ ಮುಖವಾಡ ತೊಟ್ಟು ಹಳೆಯ ಕತ್ತಿವರಸೆ ಕಲಿಯುವವರನ್ನೂ ಈ ಎರಡನೆಯ ಗುಂಪಿಗೆ ಸೇರಿಸಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸತ್ತ ವಿದ್ಯೆಯೊಂದನ್ನು ಪುಸ್ತಕದಿಂದ ಎಬ್ಬಿಸಲು ಹೊರಟವರು ಮೂವತ್ತು ವರ್ಷಗಳಿಂದ ಒಂದೇ ಪ್ರಶ್ನೆಯ ಜೊತೆ ಸೆಣಸಿದ್ದಾರೆ: ನೋಡಲು ಸರಿಯೆನಿಸುವ ಬರಹ ನಿಜಕ್ಕೂ ಸರಿಯೇ ಎಂದು ತಿಳಿಯುವುದು ಹೇಗೆ? ಯಂತ್ರ ಬರೆದ ಕೋಡನ್ನು ಮುಂದಿಟ್ಟುಕೊಂಡ ಪ್ರೋಗ್ರಾಮರ್ ಎದುರು ಇರುವುದೂ ಅದೇ ಪ್ರಶ್ನೆ.

ಹಸ್ತಪ್ರತಿಗಳನ್ನೇ ನೋಡಿ. ನಮಗೆ ಸಿಕ್ಕಿರುವ ಅತ್ಯಂತ ಹಳೆಯದು ಸುಮಾರು 1320ರದು, ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್‌ನಲ್ಲಿದೆ. ಲ್ಯಾಟಿನ್ ಬರಹ, ಪಾದ್ರಿಯೊಬ್ಬ ಶಿಷ್ಯನಿಗೆ ಕತ್ತಿ ಮತ್ತು ಪುಟ್ಟ ಗುರಾಣಿಯ ವರಸೆ ಕಲಿಸುವ ಚಿತ್ರಗಳು. ದೂರ–ಸಮೀಪಗಳನ್ನು ಪುಟದ ಮೇಲೆ ತೋರಿಸುವ ಚಿತ್ರಕಲೆ ಆಗಿನ್ನೂ ಬೆಳೆದಿರಲಿಲ್ಲವಾದ್ದರಿಂದ ಕಾಲು ಎಲ್ಲಿಡಬೇಕು ಎಂಬಷ್ಟು ಮೂಲಭೂತ ವಿಷಯವೂ ಆ ಚಿತ್ರಗಳಿಂದ ಸ್ಪಷ್ಟವಾಗುವುದಿಲ್ಲ. ಸುಮಾರು 1410ರ ಹೊತ್ತಿಗೆ ಇಟಲಿಯ ಫಿಯೋರೆ ದೇಯಿ ಲಿಬೇರಿ ಫೆರಾರದ ಅರಸನಿಗೆ ಅರ್ಪಿಸಿದ ಗ್ರಂಥ ಇನ್ನೂ ಅಚ್ಚುಕಟ್ಟು. ಅದರ ಚಿತ್ರಗಳಲ್ಲಿ ಪಟ್ಟು ಹಾಕುವ ಗುರುವಿನ ತಲೆಗೆ ಕಿರೀಟ, ಆ ಪಟ್ಟನ್ನು ಮುಂದುವರಿಸುವ ಶಿಷ್ಯನ ಮೊಣಕಾಲ ಕೆಳಗೆ ಪಟ್ಟಿ, ಅದನ್ನು ಮುರಿಯುವ ಪ್ರತಿಗುರುವಿಗೆ ಕಿರೀಟವೂ ಪಟ್ಟಿಯೂ. ಹೀಗಾದರೆ ಹೀಗೆ, ಹಾಗಾದರೆ ಹಾಗೆ ಎಂದು ಕವಲೊಡೆಯುವ ಆ ಜೋಡಣೆ ಪ್ರೋಗ್ರಾಮರ್‌ಗಳಿಗೆ ತಕ್ಷಣ ಆಪ್ತವಾಗುತ್ತದೆ. ಜರ್ಮನಿಯ ಯೊಹಾನೆಸ್ ಲೀಖ್ಟೆನಾವರ್ ಪರಂಪರೆಯದು ಇನ್ನೊಂದು ದಾರಿ. ಅವನ ಪಾಠಗಳೆಲ್ಲ ಒಗಟಿನಂಥ ಪದ್ಯಗಳಲ್ಲಿವೆ. ಕಂಡಕಂಡವರಿಗೆ ವಿದ್ಯೆ ತಿಳಿಯಬಾರದೆಂದು ಬೇಕೆಂದೇ ಮುಚ್ಚಿಟ್ಟ ಮಾತುಗಳು ಅವು ಎಂದು ನಂತರದ ಟೀಕಾಕಾರರೇ ಬರೆದಿದ್ದಾರೆ. ಆಗಲೇ ಕಲಿತವನಿಗೆ ಅವು ನೆನಪಿನ ಗಂಟು. ಕಲಿಯದವನಿಗೆ ಬರೀ ಶಬ್ದ. ಇಷ್ಟು ಚದುರಿದ ಸಾಮಗ್ರಿ ಒಂದೆಡೆ ಸೇರಿದ್ದು ಕಂಪ್ಯೂಟರ್‌ಗಳ ಕೃಪೆಯಿಂದ ಎಂಬುದನ್ನು ಮರೆಯಬಾರದು. ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ ಪುಟಗಳು, ಅವುಗಳ ಪಾಠ ಮತ್ತು ಅನುವಾದಗಳನ್ನು ಸಾಲಾಗಿಟ್ಟ ವಿಕ್ಟೆನಾವರ್ ಎಂಬ ಮುಕ್ತ ಭಂಡಾರ, ಇವಿಲ್ಲದಿದ್ದರೆ ಈ ಪುನರುಜ್ಜೀವನ ಈ ಮಟ್ಟಕ್ಕೆ ಬೆಳೆಯುತ್ತಿರಲಿಲ್ಲ. ಹಾಗಾಗಿ ಇದು ಯಂತ್ರವನ್ನು ಕಂಡು ಹಿಂದಕ್ಕೆ ಓಡಿದವರ ಕಥೆಯಲ್ಲ.

ಪಾಠ ಸಿಕ್ಕ ಮೇಲೆ ನಡೆಯುವುದೇ ಮುಖ್ಯ. ಒಂದು ಚಿತ್ರ, ಅದರ ಪಕ್ಕದ ನಾಲ್ಕು ಸಾಲು ಹಿಡಿದು ಇಬ್ಬರು ನಿಧಾನವಾಗಿ ಆಡಿ ನೋಡುತ್ತಾರೆ. ನಿಧಾನಗತಿಯಲ್ಲಿ, ಜೊತೆಗಾರ ಸಹಕರಿಸುವಾಗ, ಹೆಚ್ಚುಕಡಿಮೆ ಯಾವ ಅರ್ಥವಿವರಣೆಯೂ ನಡೆದುಬಿಡುತ್ತದೆ. ಆಮೇಲೆ ವೇಗ ಏರುತ್ತದೆ, ಜೊತೆಗಾರ ಸಹಕಾರ ನಿಲ್ಲಿಸುತ್ತಾನೆ. ಕೊನೆಗೆ ತುದಿ ಮೊಂಡಾದ, ಬಾಗುವ ಅಭ್ಯಾಸಕತ್ತಿ, ಮುಖವಾಡ, ದಪ್ಪ ಅಂಗಿ, ಗಟ್ಟಿ ಕೈಗವಸುಗಳೊಂದಿಗೆ, ನಿಮ್ಮ ಅರ್ಥವಿವರಣೆಯ ಗಂಧಗಾಳಿಯೂ ಇಲ್ಲದ ಬೇರೆ ಊರಿನವರೆದುರು ಅದು ನಿಲ್ಲಬೇಕು. ಬಹಳಷ್ಟು ನಿಲ್ಲುವುದಿಲ್ಲ. ಅಂಥ ವಿವರಣೆಯನ್ನು ಬಿಟ್ಟು ಮತ್ತೆ ಪುಟಕ್ಕೆ ಮರಳಬೇಕು. ಹಳೆಯ ಜರ್ಮನ್ ಗುರುಗಳು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟದ್ದು ಕತ್ತಿಗೆ ಕತ್ತಿ ತಗುಲಿ ನಿಂತ ಕ್ಷಣಕ್ಕೆ. ಎದುರಾಳಿ ಗಟ್ಟಿಯಾಗಿ ಒತ್ತುತ್ತಿದ್ದಾನೋ ಸಡಿಲ ಬಿಟ್ಟಿದ್ದಾನೋ ಎಂಬುದನ್ನು ಕಣ್ಣಿನಿಂದಲ್ಲ, ಅಂಗೈಯಿಂದ ತಿಳಿದು ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಗಟ್ಟಿಯಾದರೆ ಜಾರಿಕೊಂಡು ಇನ್ನೊಂದು ಬದಿಗೆ, ಸಡಿಲವಾದರೆ ನೇರ ಮುಂದಕ್ಕೆ. ಈ ತಿಳಿವಳಿಕೆ ಇದೆ ಎಂದು ಪುಸ್ತಕ ಹೇಳಬಲ್ಲದು, ಅದನ್ನು ಕೊಡಲಾರದು. ಒತ್ತುವ ಇನ್ನೊಂದು ಕೈ ಇದ್ದರೆ ಮಾತ್ರ ಅದು ಬರುತ್ತದೆ.

ಸಾಫ್ಟ್‌ವೇರಿನಲ್ಲಿ ಇದೇ ಮಾತನ್ನು ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಬರೆದಿದ್ದರು. ಪ್ರೋಗ್ರಾಂ ಎಂದರೆ ಕೋಡಿನ ಸಾಲುಗಳೂ ಅಲ್ಲ, ಜೊತೆಗಿಡುವ ದಾಖಲೆಗಳೂ ಅಲ್ಲ. ಕಟ್ಟಿದವರ ತಲೆಯಲ್ಲಿ ರೂಪುಗೊಂಡ ಸಿದ್ಧಾಂತವೇ ಪ್ರೋಗ್ರಾಂ ಎಂಬುದು ಅವರ ವಾದ. ಯಾವ ಸಮಸ್ಯೆಗೆ ಯಾಕೆ ಈ ಪರಿಹಾರ, ನಾಳೆ ಬದಲಾವಣೆ ಬಂದರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ಒಳತಿಳಿವು ಅದು. ತಂಡ ಚದುರಿದರೆ ಕೋಡ್ ಓಡುತ್ತಿದ್ದರೂ ಪ್ರೋಗ್ರಾಂ ಸತ್ತಂತೆ, ಬರೀ ದಾಖಲೆಗಳಿಂದ ಅದನ್ನು ಮತ್ತೆ ಬದುಕಿಸುವುದು ಅಸಾಧ್ಯ ಎಂಬಲ್ಲಿಯವರೆಗೂ ಅವರು ಹೋಗುತ್ತಾರೆ. ಕ್ಯಾಸಲ್‌ಗೆ ಆದದ್ದು ಇದೇ. ಹಾಗಿರುವಾಗ ಎಐ ಏನು ಮಾಡಿದೆ ಎಂದು ಕೇಳಿಕೊಳ್ಳಬೇಕು. ಅದು ಪಠ್ಯವನ್ನು ಅಗ್ಗ ಮಾಡಿದೆ, ಸಿದ್ಧಾಂತವನ್ನು ಅಗ್ಗ ಮಾಡಿಲ್ಲ. ಮೊದಲು ಸಾವಿರ ಸಾಲು ಕೋಡ್ ಇದ್ದರೆ ಅದನ್ನು ಬರೆಯುವಾಗ ಯಾರದೋ ತಲೆಯಲ್ಲಿ ಅಷ್ಟು ತಿಳಿವೂ ಕೂಡಿಬಿದ್ದಿರುತ್ತಿತ್ತು, ಬರೆಯುವ ಶ್ರಮದ ಜೊತೆಗೇ ಬರುತ್ತಿದ್ದ ಗಳಿಕೆ ಅದು. ಈಗ ಯಾರ ತಲೆಯಲ್ಲೂ ಸಿದ್ಧಾಂತ ಹುಟ್ಟದೆಯೇ ಸಾವಿರ ಸಾಲು ಹುಟ್ಟಬಹುದು. ಅಂದರೆ ಹುಟ್ಟುವಾಗಲೇ ಅದು ಹಳೆಯ ಹಸ್ತಪ್ರತಿಯ ಸ್ಥಿತಿಯಲ್ಲಿರುತ್ತದೆ: ಓದಬಹುದು, ನಂಬಬಹುದು, ಕೇಳೋಣವೆಂದರೆ ಗುರುವಿಲ್ಲ.

ನಂಬಿಕೆ ಎಷ್ಟು ದಾರಿತಪ್ಪಿಸುತ್ತದೆ ಎಂಬುದನ್ನು ಅಳೆದವರಿದ್ದಾರೆ. ಅಮೆರಿಕದ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಮಂದಿ ಅನುಭವಿ ಡೆವಲಪರ್‌ಗಳು, ತಮಗೆ ಚೆನ್ನಾಗಿ ಗೊತ್ತಿರುವ ಮುಕ್ತ ತಂತ್ರಾಂಶಗಳಲ್ಲಿ 246 ಕೆಲಸಗಳನ್ನು ಮಾಡಿದರು. ಅರ್ಧದಷ್ಟು ಕೆಲಸಕ್ಕೆ ಎಐ ಬಳಸಬಹುದು, ಉಳಿದದ್ದಕ್ಕೆ ಇಲ್ಲ. ಯಾವುದಕ್ಕೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಎಐನಿಂದ ಸಮಯ ಶೇ 24ರಷ್ಟು ಉಳಿಯುತ್ತದೆ ಎಂದು ಅವರು ಮೊದಲು ಅಂದಾಜಿಸಿದ್ದರು. ಮುಗಿದ ಮೇಲೂ ಶೇ 20 ಉಳಿಯಿತೆಂದೇ ನಂಬಿದ್ದರು. ಗಡಿಯಾರ ಹೇಳಿದ್ದು ಬೇರೆ: ಶೇ 19ರಷ್ಟು ಹೆಚ್ಚೇ ಹಿಡಿದಿತ್ತು. ಇದಕ್ಕೆ ವಿರುದ್ಧ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೋಪೈಲಟ್ ಬಳಸಿದವರು ಚಿಕ್ಕದೊಂದು ವೆಬ್ ಸರ್ವರನ್ನು ಶೇ 55.8ರಷ್ಟು ಬೇಗ ಬರೆದು ಮುಗಿಸಿದರು. 2025ರಿಂದೀಚೆಗೆ ಉಪಕರಣಗಳೂ ಬಹಳ ಸುಧಾರಿಸಿವೆ, ಎಂಇಟಿಆರ್‌ನ ಅಂಕಿಯನ್ನು ಇಂದಿಗೂ ಹಾಗೇ ಅನ್ವಯಿಸಲಾಗದು. ಆದರೆ ವೇಗದ ಅಂಕಿ ಯಾವುದೇ ಇರಲಿ, ನನ್ನನ್ನು ಕಾಡುವುದು ಅನ್ನಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಆ ಅಂತರ. ಪಳಗಿದವರು, ತಮ್ಮದೇ ಮನೆಯಂಗಳದಲ್ಲಿ, ಕೆಲಸ ಮುಗಿಸಿದ ಮೇಲೂ ತಮ್ಮ ವೇಗವನ್ನು ತಾವೇ ತಪ್ಪಾಗಿ ತಿಳಿದರು. ಸಹಕರಿಸುವ ಜೊತೆಗಾರನ ಎದುರು ಎಲ್ಲ ಪಟ್ಟೂ ಬಂದೇಬಂತು ಅನ್ನಿಸುವುದು ಹೀಗೆಯೇ. ಎಐ ಸಹಕರಿಸಲೆಂದೇ ತಯಾರಾದ ಜೊತೆಗಾರ. ಕೇಳಿದ್ದಕ್ಕೆ ಒಪ್ಪುತ್ತದೆ, ತಿದ್ದಿದರೆ ಕ್ಷಮೆ ಕೇಳುತ್ತದೆ, ಮತ್ತೆ ಅಷ್ಟೇ ಆತ್ಮವಿಶ್ವಾಸದಿಂದ ಬರೆಯುತ್ತದೆ. ಒತ್ತಡ ಹಾಕುವ ಎದುರಾಳಿಯನ್ನು ನಾವೇ ಬೇರೆಡೆಯಿಂದ ತರಬೇಕು.

ಇಲ್ಲಿ ಹಿರಿಯ ಎಂಜಿನಿಯರ್‌ಗಳು ಎತ್ತುವ ಆಕ್ಷೇಪ ಬಲವಾದದ್ದು. 1957ರಲ್ಲಿ ಫೋರ್ಟ್ರಾನ್ ಭಾಷೆ ಬಂದಾಗಲೂ ಯಂತ್ರಕ್ಕೆ ಹತ್ತಿರವಾದ ಅಸೆಂಬ್ಲಿ ಭಾಷೆ ಬಲ್ಲವರು ಅನುಮಾನಪಟ್ಟಿದ್ದರು. ಮೇಲಿನ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಗೆದ್ದಿತು, ಅಸೆಂಬ್ಲಿ ತಿಳಿಯದ ಕೋಟ್ಯಂತರ ಮಂದಿ ಒಳ್ಳೆಯ ತಂತ್ರಾಂಶ ಬರೆದರು. ಎಐ ಅದೇ ಏಣಿಯ ಮುಂದಿನ ಮೆಟ್ಟಿಲು, ಕೆಳಗಿನ ಮೆಟ್ಟಿಲಿಗೆ ಅಳುವುದು ಯಾಕೆ? ಕಂಪೈಲರ್‌ನ ವಿಷಯದಲ್ಲಿ ಈ ಮಾತು ನಿಜ. ಅದಕ್ಕೆ ಕಾರಣವೂ ಇದೆ. ಮೇಲಿನ ಭಾಷೆಯಲ್ಲಿ ಬರೆದ ಸಾಲಿಗೆ ನಿಶ್ಚಿತ ಅರ್ಥವಿದೆ, ಕಂಪೈಲರ್ ಆ ಅರ್ಥವನ್ನು ಬದಲಿಸುವಂತಿಲ್ಲ, ಬದಲಿಸಿದರೆ ಅದು ಕಂಪೈಲರ್‌ನ ಬಗ್, ಒಮ್ಮೆ ಸರಿಪಡಿಸಿದರೆ ಎಲ್ಲರಿಗೂ ಸರಿಯಾಯಿತು. ಹಾಗಾಗಿ ಕೆಳಗಿನದನ್ನು ಮರೆತು ಮೇಲಿನದರಲ್ಲೇ ಯೋಚಿಸುವುದು ಸುರಕ್ಷಿತ. ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಬರೆದ ಕೋರಿಕೆಗೆ ಅಂಥ ನಿಶ್ಚಿತ ಅರ್ಥವಿಲ್ಲ. ಒಂದೇ ಕೋರಿಕೆಗೆ ಇವತ್ತು ಒಂದು ಕೋಡ್, ನಾಳೆ ಇನ್ನೊಂದು ಬರಬಹುದು, ಎರಡೂ ಚೆನ್ನಾಗಿಯೇ ಕಾಣಬಹುದು. ಕೋರಿಕೆಯಲ್ಲಿ ಹೇಳದೇ ಬಿಟ್ಟದ್ದನ್ನು ಯಂತ್ರ ಊಹಿಸಿ ತುಂಬುತ್ತದೆ. ಊಹೆ ಎಲ್ಲಿ ನಡೆದಿದೆ ಎಂದು ಪತ್ತೆಹಚ್ಚಲು ಕೆಳಗಿಳಿದೇ ನೋಡಬೇಕು. ಕಂಪೈಲರ್ ನಮ್ಮನ್ನು ಓದುವ ಕೆಲಸದಿಂದ ಬಿಡಿಸಿತು. ಎಐ ಬರೆಯುವ ಕೆಲಸದಿಂದ ಬಿಡಿಸಿ ಓದುವ ಹೊರೆಯನ್ನು ಹೆಚ್ಚಿಸಿದೆ.

ಕೋಡನ್ನು ಪರೀಕ್ಷಿಸುವ ಟೆಸ್ಟ್‌ಗಳೇ ಎದುರಾಳಿಯಾಗಲಾರವೇ ಎಂದು ಕೇಳಬಹುದು. ಖಂಡಿತ ಆಗುತ್ತವೆ, ಒಂದು ಮಟ್ಟಿಗೆ. ಇಲ್ಲಿಯೂ ಕತ್ತಿವರಸೆಯವರ ಅನುಭವ ಕೆಲಸಕ್ಕೆ ಬರುತ್ತದೆ. ಮುಖವಾಡವಿರುವುದರಿಂದ ಆಟಗಾರರು ಪ್ರಾಣಭಯವಿದ್ದವನು ಎಂದೂ ಮಾಡದ ಸಾಹಸ ಮಾಡುತ್ತಾರೆ. ಏಟು ತಿಂದರೂ ಸರಿ, ಏಟು ಕೊಟ್ಟರಾಯಿತು ಎಂದು ನುಗ್ಗಿ ಇಬ್ಬರೂ ಒಟ್ಟಿಗೆ ಹೊಡೆತ ತಿನ್ನುವುದು ಸಾಮಾನ್ಯ. ಪಂದ್ಯಗಳ ನಿಯಮ ಬರೆಯುವವರು ಇದಕ್ಕೆ ಅಂಕ ಕಳೆಯುವುದೋ ಸುತ್ತನ್ನೇ ರದ್ದು ಮಾಡುವುದೋ ಎಂದು ವರ್ಷಗಟ್ಟಲೆ ಚರ್ಚಿಸಿದ್ದಾರೆ. ಯಾವ ನಿಯಮ ತಂದರೂ ಅದಕ್ಕೆ ಹೊಂದಿಕೊಂಡು ಗೆಲ್ಲುವ, ಆದರೆ ಹಳೆಯ ವಿದ್ಯೆಗೆ ಸಂಬಂಧವಿಲ್ಲದ ಆಟ ಹುಟ್ಟುತ್ತದೆ. ಟೆಸ್ಟ್ ಪಾಸಾಗುವುದೇ ಗುರಿಯಾದಾಗ ಕೋಡಿಗೂ ಇದೇ ಗತಿ. ಕೋಡನ್ನೂ ಅದರ ಟೆಸ್ಟನ್ನೂ ಒಂದೇ ಯಂತ್ರ ಬರೆದರೆ ಒಂದೇ ತಪ್ಪುಕಲ್ಪನೆ ಎರಡರಲ್ಲೂ ನುಸುಳಬಹುದು. ಪರೀಕ್ಷೆಯನ್ನೇ ಪರೀಕ್ಷಿಸಬಲ್ಲ ವಿವೇಚನೆ ಮನುಷ್ಯನಲ್ಲಿ ಉಳಿದಿರಬೇಕು. ಅದು ಉಳಿಯುವುದು ಅಭ್ಯಾಸದಿಂದ.

ಅಭ್ಯಾಸ ಹೇಗೆ ಕಡಿಯುತ್ತದೆ ಎಂಬುದಕ್ಕೆ ಕತ್ತಿಯ ಇತಿಹಾಸವನ್ನೇ ಮತ್ತೆ ನೋಡಬೇಕು. ಬಂದೂಕು ಬಂತು, ಕತ್ತಿ ಹೋಯಿತು ಎಂಬ ಸರಳ ಲೆಕ್ಕ ತಪ್ಪು. 1453ರಲ್ಲಿ ಫಿರಂಗಿಗಳೆದುರು ಕಾನ್‌ಸ್ಟಾಂಟಿನೋಪಲ್ ಬಿತ್ತು. ಅದಾಗಿ ಮೂವತ್ನಾಲ್ಕು ವರ್ಷಕ್ಕೆ, 1487ರಲ್ಲಿ, ಪವಿತ್ರ ರೋಮನ್ ಚಕ್ರವರ್ತಿ ಮೂರನೇ ಫ್ರೆಡರಿಕ್ ನ್ಯೂರೆಂಬರ್ಗ್‌ನಲ್ಲಿ ಸೇಂಟ್ ಮಾರ್ಕ್ ಹೆಸರಿನ ಕತ್ತಿವರಸೆಗಾರರ ಸಂಘಕ್ಕೆ ಸನ್ನದು ಕೊಟ್ಟ. ಗುರು ಎನಿಸಿಕೊಳ್ಳಲು ಬಯಸಿದವನು ಫ್ರಾಂಕ್‌ಫರ್ಟ್ ಜಾತ್ರೆಗೆ ಬಂದು ಆ ಸಂಘದ ಗುರುಗಳ ಎದುರು ಕತ್ತಿ ಹಿಡಿದು ನಿಂತು ಪರೀಕ್ಷೆ ಕೊಡಬೇಕಿತ್ತು. 1570ರಲ್ಲಿ ಸ್ಟ್ರಾಸ್‌ಬರ್ಗ್‌ನ ಯೋಆಖಿಂ ಮೇಯರ್ ಎಂಬ ಚೂರಿ ತಯಾರಕ ಇಡೀ ಪರಂಪರೆಯಲ್ಲೇ ಅತ್ಯಂತ ವ್ಯವಸ್ಥಿತವಾದ ಪಠ್ಯ ಅಚ್ಚುಹಾಕಿಸಿದ. ಯುದ್ಧಭೂಮಿಯಲ್ಲಿ ಉದ್ದಕತ್ತಿಯ ಮಹತ್ವ ಅದಾಗಲೇ ಇಳಿದಿತ್ತು, ಆದರೂ ಪೇಟೆಯ ಕುಶಲಕರ್ಮಿಗಳು ಶಾಲೆಗಳಲ್ಲಿ ಅದನ್ನು ಕಲಿಯುತ್ತಿದ್ದರು. ಆಯುಧ ಹಳತಾದ ಮೇಲೂ ವಿದ್ಯೆ ನೂರು ವರ್ಷಕ್ಕೂ ಹೆಚ್ಚು ಬಾಳಿತು, ಯಾಕೆಂದರೆ ಹೊಸಬ ಬಂದು ಸೋತು ಕಲಿಯುವ ಜಾಗ ಇತ್ತು. ಹದಿನೇಳನೇ ಶತಮಾನದಲ್ಲಿ ಹೊಸಬರು ಬರುವುದು ನಿಂತಾಗ ಮೇಯರನ ಪುಸ್ತಕ ಅದನ್ನು ಹಿಡಿದು ನಿಲ್ಲಿಸಲಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಇದಕ್ಕೆ ಜೋಡಿ ಇದೆ. ಅದರಲ್ಲಿ ಮಲ್ಲವಿನೋದವೂ ಇದೆ, ಆಯುಧ ಹಿಡಿದ ದ್ವಂದ್ವದ ಅಂಕವಿನೋದವೂ ಇದೆ. ಕುಸ್ತಿ ನಮ್ಮ ಗರಡಿಮನೆಗಳಲ್ಲಿ ಉಸ್ತಾದನಿಂದ ಹುಡುಗರಿಗೆ ದಾಟುತ್ತ, ಕಾಲಕ್ಕೆ ತಕ್ಕಂತೆ ಬದಲಾಗುತ್ತ ಉಳಿಯಿತು. ಅಂಕಕ್ಕೆ ಅಂಥ ಗರಡಿ ಉಳಿಯಲಿಲ್ಲ, ಅದೀಗ ಸಂಸ್ಕೃತ ಶ್ಲೋಕ.

ಆದ್ದರಿಂದ ಎಐ ಬಗೆಗಿನ ನನ್ನ ಆತಂಕ ಹಿರಿಯ ಪ್ರೋಗ್ರಾಮರ್‌ಗಳಿಗಿಂತ ಫ್ರೆಷರ್‌ಗಳ ಕುರಿತದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2025ರ ಆಗಸ್ಟ್‌ನಲ್ಲಿ ಅಮೆರಿಕದ ವೇತನದ ದಾಖಲೆಗಳನ್ನು ಪರಿಶೀಲಿಸಿ, 22ರಿಂದ 25 ವರ್ಷ ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಮಟ್ಟಕ್ಕಿಂತ ಸುಮಾರು ಶೇ 20ರಷ್ಟು ಇಳಿದಿದೆ, ಹಿರಿಯರದು ಹಾಗೆ ಇಳಿದಿಲ್ಲ ಎಂದು ತೋರಿಸಿದರು. ಕೋವಿಡ್ ಕಾಲದ ಅತಿನೇಮಕಾತಿ, ಬಡ್ಡಿದರದ ಏರಿಕೆಗಳಿಗೂ ಇದರಲ್ಲಿ ಪಾಲಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾರಣ ಏನೇ ಇರಲಿ, ಫಲ ಒಂದೇ: ಹೊಸಬರು ಕಲಿಯುವ ಜಾಗ ಕುಗ್ಗುತ್ತದೆ. ಬೆಂಗಳೂರಿನ ಐಟಿ ಸೇವಾ ಉದ್ಯಮ ಪಿರಮಿಡ್ಡಿನಂತೆ ನಿಂತದ್ದು: ಕೆಳಗೆ ಸಾವಿರಾರು ಫ್ರೆಷರ್‌ಗಳು, ಮೈಸೂರಿನ ಇನ್ಫೊಸಿಸ್ ಆವರಣದಂಥಲ್ಲಿ ತರಬೇತಿ, ನಂತರ ಸಣ್ಣ ಬಗ್ ಸರಿಪಡಿಸುವುದು, ಟೆಸ್ಟ್ ಬರೆಯುವುದು, ಹಳೆಯ ಕೋಡನ್ನು ಓದಿ ತೇಪೆ ಹಚ್ಚುವುದು. ಈ ಕೆಲಸಗಳು ಸ್ವತಃ ಹೆಚ್ಚು ಬೆಲೆಯವಲ್ಲ, ಯಂತ್ರ ಮೊದಲು ಕಸಿದುಕೊಳ್ಳುವುದೂ ಇವನ್ನೇ. ಆದರೆ ಇಂದಿನ ಆರ್ಕಿಟೆಕ್ಟ್‌ಗಳು ತಯಾರಾದದ್ದು ಅಲ್ಲಿಯೇ. 1983ರಲ್ಲಿ ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಡ್ಜ್ ಕಾರ್ಖಾನೆಗಳ ಯಾಂತ್ರೀಕರಣ ಕುರಿತು ಬರೆದ ಪ್ರಬಂಧ ಇಲ್ಲಿಗೆ ಹೇಳಿ ಬರೆಸಿದಂತಿದೆ. ಸುಲಭದ ಕೆಲಸ ಯಂತ್ರಕ್ಕೆ ಹೋದರೆ ಮನುಷ್ಯನಿಗೆ ಉಳಿಯುವುದು ಯಂತ್ರ ಎಡವಿದಾಗಿನ ಕಷ್ಟದ ಕೆಲಸ ಮಾತ್ರ, ಅದಕ್ಕೆ ಬೇಕಾದ ಕೈಪಳಗಿಕೆಯೋ ದಿನನಿತ್ಯದ ಸುಲಭ ಕೆಲಸದಿಂದಲೇ ಬರಬೇಕಾಗಿತ್ತು ಎಂಬುದು ಅವರು ಎತ್ತಿ ತೋರಿಸಿದ ವಿಪರ್ಯಾಸ. ಪೋಲೆಂಡಿನಲ್ಲಿ ಕರುಳಿನ ಒಳಪರೀಕ್ಷೆ ಮಾಡುವ ಅನುಭವಿ ವೈದ್ಯರ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಹತ್ತಿರದ್ದು. ಎಐ ನೆರವು ಬಳಕೆಗೆ ಬಂದ ಮೇಲೆ, ಅದಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಅಪಾಯದ ಗಡ್ಡೆ ಪತ್ತೆಯಾದ ಪ್ರಮಾಣ ಶೇ 28.4ರಿಂದ 22.4ಕ್ಕೆ ಇಳಿದಿತ್ತು. ಗಮನಿಸಿ ದಾಖಲಿಸಿದ ಅಧ್ಯಯನವಾದ್ದರಿಂದ ಎಐ ಒಂದೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ಪಳಗಿದ ಕಣ್ಣು ಕೂಡ ಬಳಕೆ ತಪ್ಪಿದರೆ ಮಂಜಾಗಬಹುದು ಎಂಬ ಎಚ್ಚರಿಕೆಗೆ ಅಷ್ಟು ಸಾಕು.

ಇನ್ನೂ ಎರಡು ಆಕ್ಷೇಪಗಳಿವೆ. ನಾಲ್ಕೈದು ವರ್ಷದಲ್ಲಿ ಯಂತ್ರ ಈ ವಿವೇಚನೆಯನ್ನೂ ಕಲಿತುಬಿಟ್ಟರೆ ಎಂಬುದು ಒಂದು. ಕಲಿಯಲಿ, ಒಳ್ಳೆಯದೇ. ಆದರೆ ಕಲಿತಿದೆಯೋ ಇಲ್ಲವೋ ಎಂದು ಒರೆಹಚ್ಚಿ ಹೇಳಲು ಬಲ್ಲವರು ಬೇಕು. ಬಲ್ಲವರೇ ಇಲ್ಲದ ಕಾಲದಲ್ಲಿ ನಾವು ಎರಡೂ ರೀತಿ ತಪ್ಪಬಹುದು, ಸುಳ್ಳನ್ನು ನಂಬಬಹುದು, ಕ್ಯಾಸಲ್‌ನಂತೆ ನಿಜವನ್ನೂ ತಳ್ಳಿಹಾಕಬಹುದು. ಇನ್ನೊಂದು, ಹೊಟ್ಟೆಪಾಡಿನ ಪ್ರಶ್ನೆಗೆ ಶ್ರೀಮಂತ ದೇಶಗಳ ಹವ್ಯಾಸದಿಂದ ಉತ್ತರ ಹುಡುಕುವುದು ಸರಿಯೇ ಎಂಬುದು. ಕತ್ತಿವರಸೆಗೆ ಅನ್ನದ ಹಂಗಿಲ್ಲ, ಎಷ್ಟು ನಿಧಾನವಾದರೂ ನಡೆಯುತ್ತದೆ. ಸಾಲದ ಕಂತು ಕಟ್ಟುವ ಹುಡುಗಿಗೆ ಆ ಬಿಡುವು ಇಲ್ಲ. ಇದು ನನಗೆ ಪೂರ್ತಿ ಒಪ್ಪಿಗೆ. ಅದಕ್ಕೇ ಕತ್ತಿ ಕಲಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅವರು ಬಿಡುವಿನಲ್ಲಿ ಮಾಡುವುದನ್ನು ಕಂಪನಿಗಳು ಕೆಲಸದ ಸಮಯದಲ್ಲಿ ಮಾಡಿಸಬೇಕು.

ಹಾಗೆ ಮಾಡಿಸುವುದು ದೊಡ್ಡ ಸಂಗತಿಯೇನಲ್ಲ. ಹೊಸದಾಗಿ ಸೇರಿದವರು ವಾರದ ಒಂದಷ್ಟು ಬಗ್‌ಗಳನ್ನು ಎಐ ಇಲ್ಲದೆ ತಾವೇ ಹುಡುಕಿ ಸರಿಪಡಿಸಲಿ, ತಡವಾದರೂ ಚಿಂತೆಯಿಲ್ಲ. ಎಐ ಬರೆದ ಕೋಡ್ ಸೇರಿಸುವ ಮೊದಲು, ಕಳಿಸಿದವರು ಹಿರಿಯರೊಬ್ಬರ ಎದುರು ಕೂತು, ಪರದೆ ನೋಡದೆ, ಅದು ಯಾಕೆ ಹೀಗಿದೆ, ಎಲ್ಲಿ ಮುರಿಯಬಹುದು ಎಂದು ಬಾಯಿಮಾತಿನಲ್ಲಿ ವಿವರಿಸಲಿ. ಹಿರಿಯರು ಒಪ್ಪಲು ಕೂರದೆ ಒತ್ತಲು ಕೂರಲಿ. ಪ್ರೊಡಕ್ಷನ್ ಕೆಟ್ಟ ರಾತ್ರಿ ಫ್ರೆಷರ್‌ಗಳೂ ಕರೆಯಲ್ಲಿರಲಿ. ಕಷ್ಟವಿರುವುದು ಲೆಕ್ಕದಲ್ಲಿ. ನಮ್ಮ ಸೇವಾ ಉದ್ಯಮ ಬಹಳ ಕಾಲ ಗಂಟೆಗಳನ್ನು ಮಾರಿ ಬೆಳೆಯಿತು, ಹುಡುಗರು ಕಲಿಯುತ್ತಿದ್ದ ಗಂಟೆಗಳಿಗೂ ಬಹುಪಾಲು ವಿದೇಶದ ಗ್ರಾಹಕರೇ ಹಣ ಕೊಡುತ್ತಿದ್ದರು. ಅದೇ ಕೆಲಸವನ್ನು ಯಂತ್ರ ನಿಮಿಷದಲ್ಲಿ ಮಾಡುವಾಗ ಆ ಹಣ ಇನ್ನು ಬರುವುದಿಲ್ಲ. ಕಲಿಕೆಯ ಖರ್ಚನ್ನು ಕಂಪನಿ ತನ್ನ ಲಾಭದಿಂದ ಭರಿಸಬೇಕು, ಹೂಡಿಕೆದಾರರಿಗೆ ಮೂರು ತಿಂಗಳಿಗೊಮ್ಮೆ ಅದರ ಕಾರಣ ಹೇಳಬೇಕು. ಒಂದು ಕಂಪನಿ ಕಲಿಸಿದವರನ್ನು ಇನ್ನೊಂದು ಸೆಳೆದುಕೊಳ್ಳುವ ಊರಿನಲ್ಲಿ ಒಬ್ಬರೇ ಈ ಖರ್ಚು ಹೊರಲು ಮುಂದೆ ಬರುವುದು ಅನುಮಾನ. ಫ್ರಾಂಕ್‌ಫರ್ಟಿನ ಪರೀಕ್ಷೆಯನ್ನು ನಡೆಸಿದ್ದು ಯಾವುದೋ ಒಂದು ಶಾಲೆಯಲ್ಲ, ಬೇರೆ ಬೇರೆ ಊರುಗಳ ಗುರುಗಳು ಸೇರಿದ್ದ ಸಂಘ. ಬೆಂಗಳೂರಿನ ಕಂಪನಿಗಳು, ಅವುಗಳ ಒಕ್ಕೂಟಗಳು, ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಸರ್ಕಾರ ಈ ತರಬೇತಿಯ ಖರ್ಚನ್ನು ಹಂಚಿಕೊಳ್ಳುವ ಮಾತು ಶುರುಮಾಡಬೇಕಾದದ್ದು ಈಗ, ಹಳೆಯ ಪಿರಮಿಡ್ಡಿನಲ್ಲಿ ಕಲಿತ ಹಿರಿಯರು ಇನ್ನೂ ಕೆಲಸದಲ್ಲಿರುವಾಗ.